ನಾಲ್ಕು ಗಂಟೆಗೆ ಮುಚ್ಚಳ ತೆಗೆಯುವುದು

ನನ್ನ ಹೆಂಡತಿ ತೀರಿಕೊಂಡ ಮೇಲೆ ಜನ ನನ್ನ ಹತ್ತಿರ ಮುಖ್ಯವಾಗಿ ಎರಡು ಪ್ರಶ್ನೆ ಕೇಳಿದರು. ಎಂತ ಆದದ್ದು ಎಂಬುದು ಒಂದು. ಇನ್ನು ಅವಳ ಅಡುಗೆಯ ಪೇಜ್ ಎಂತ ಮಾಡ್ತೀರಿ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಚಿಕ್ಕದು. ಸಂಜೆ ಬಟ್ಟೆ ಮಡಚುತ್ತಿದ್ದವಳು ಎದೆ ಹಿಡಿದ ಹಾಗಾಗುತ್ತದೆ ಎಂದಳು, ರಿಕ್ಷಾದಲ್ಲಿ ಆಸ್ಪತ್ರೆಗೆ ಹೋದೆವು, ಮರುದಿನ ಬೆಳಗಾಗುವಾಗ ಅವಳಿರಲಿಲ್ಲ. ಇದನ್ನು ಎಷ್ಟೋ ಜನರಿಗೆ ಹೇಳಿ ಈಗ ನನ್ನ ಬಾಯಿಗೆ ಅದು ಬಸ್ಸಿನ ಕಂಡಕ್ಟರ್ ಸ್ಟಾಪುಗಳ ಹೆಸರು ಹೇಳುವ ಹಾಗೆ ಬರುತ್ತದೆ. ಎರಡನೆಯ ಪ್ರಶ್ನೆಯ ಉತ್ತರ ಅಷ್ಟು ಚಿಕ್ಕದಲ್ಲ. ನಾನು ಪಿಯುಸಿಯವರೆಗೆ ಓದಿದವನು. ಪಣಂಬೂರಿನ ಬಂದರಿನ ಗೇಟಿನಲ್ಲಿ ಲಾರಿಗಳ ಪಾಸು ನೋಡುತ್ತಾ ನೌಕರಿ ಮುಗಿಸಿದೆ. ಬರೆದು ಅಭ್ಯಾಸವಿಲ್ಲ. ಮಧ್ಯಾಹ್ನ ಮನೆಯಲ್ಲಿ ಮಾಡಲು ಬೇರೆ ಏನೂ ಇಲ್ಲದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಮನೆ ಇರುವುದು ಕುದ್ರೋಳಿಯ ಒಂದು ಓಣಿಯಲ್ಲಿ. ಹೆಂಡತಿ ಮೊದಲಿನಿಂದಲೂ ಅಡುಗೆ ಮಾಡಿ ಮಾರುತ್ತಿದ್ದಳು. ಗುರುತಿನವರಿಗೆ ಪತ್ರೊಡೆ, ಬಿಸ್ಕುಟ್ ರೊಟ್ಟಿ, ಮರುವಾಯಿ ಪುಂಡಿ ಎಂಬ ಚಿಪ್ಪುಮೀನಿನ ಕಡುಬು, ಕಾಲಕ್ಕೆ ಸರಿಯಾಗಿ ಉಪ್ಪಿನಕಾಯಿ. ಆಮೇಲೆ ಮಗಳು ಅವಳ ಫೋನಿನಲ್ಲಿ ಒಂದು ಪೇಜ್ ಮಾಡಿಕೊಟ್ಟಳು. ಶುರುವಿನಲ್ಲಿ ಅದರಲ್ಲಿ ಹಾಕುತ್ತಿದ್ದದ್ದು ಅಂಗಡಿಯ ಬೋರ್ಡಿನಂಥ ಮಾತು: ಇಂದು ಪತ್ರೊಡೆ ಇದೆ, ಬೇಕಾದವರು ತಿಳಿಸಿ. ಫೋಟೋ ಚೆನ್ನಾಗಿಯೇ ಇರುತ್ತಿತ್ತು. ಆದರೆ ನೋಡುತ್ತಿದ್ದದ್ದು ನೆಂಟರು ಮಾತ್ರ.

“ಈ ನೆಂಟರು ಲೈಕ್ ಕೊಡ್ತಾರೆ, ಆರ್ಡರ್ ಕೊಡುದಿಲ್ಲ,” ಎನ್ನುತ್ತಿದ್ದಳು. “ಲೈಕನ್ನು ಒಗ್ಗರಣೆಗೆ ಹಾಕ್ಲಿಕ್ಕೆ ಆಗ್ತದಾ?”

ಅದು ಬದಲಾದದ್ದು ನನ್ನ ಹೆಬ್ಬೆರಳಿನಿಂದ. ಒಂದು ದಿನ ಮಗಳು ಆಫೀಸಿಗೆ ಹೋಗಿದ್ದಳು. ವೀಡಿಯೊ ಹಿಡಿಯುವ ಕೆಲಸ ನನಗೆ ಬಂತು. ಹೆಂಡತಿ ಅಟ್ಟಿನಳಗೆಯ, ಅಂದರೆ ಕಡುಬು ಬೇಯಿಸುವ ದೊಡ್ಡ ಪಾತ್ರೆಯ ಹಿಂದೆ ನಿಂತು, “ನಮಸ್ಕಾರ, ಇವತ್ತು ಇದರ ಒಳಗೆ ಎಂತ ಉಂಟು ಅಂದರೆ” ಎಂದು ಮುಚ್ಚಳಕ್ಕೆ ಕೈ ಹಾಕಿದಳು. ಅಷ್ಟರಲ್ಲಿ ನನ್ನ ಬೆರಳು ತಾಗಿ ರೆಕಾರ್ಡಿಂಗ್ ನಿಂತಿತು. ನನಗದು ಗೊತ್ತಾಗಲಿಲ್ಲ. ಅವಳು ಉಳಿದದ್ದನ್ನೆಲ್ಲ ಚಂದದಲ್ಲಿ ಹೇಳಿ ಮುಗಿಸಿದಳು, ನಾನು ತಲೆಯಾಡಿಸಿದೆ. ಅವಸರದಲ್ಲಿ ಅವಳೂ ನೋಡದೆ ಹಾಕಿಬಿಟ್ಟಳು.

ಒಂದು ಗಂಟೆ ಕಳೆದು ಫೋನ್ ತೆಗೆದಾಗ ಕೆಳಗೆ ಪ್ರಶ್ನೆಯೋ ಪ್ರಶ್ನೆ. ಎಂತ ಉಂಟು? ಅಕ್ಕ, ಮುಚ್ಚಳ ತೆಗೆಯಿರಿ. ಕೊಟ್ಟೆ ಕಡುಬಾ? ಅಲ್ಲ ಪತ್ರೊಡೆ ಇರಬೇಕು. ಯಾರೋ ಇಬ್ಬರು ಅವರವರಲ್ಲೇ ಜಗಳಕ್ಕೆ ಬಿದ್ದಿದ್ದರು. ಅವಳು ಓದುತ್ತಾ ಓದುತ್ತಾ ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತಳು.

“ನಿಮ್ಮಿಂದ ಒಂದು ಉಪಕಾರ ಆಯ್ತು ಮಾರಾಯ್ರೇ,” ಎಂದಳು. “ನೀವು ಹಾಳು ಮಾಡಿದ್ದರಿಂದ ಜನ ಬಂದ್ರು.”

ಆವತ್ತಿನಿಂದ ಅದೇ ಕ್ರಮವಾಯಿತು. ಬೆಳಿಗ್ಗೆ ಹನ್ನೊಂದಕ್ಕೆ ಪ್ರಶ್ನೆ, ಸಂಜೆ ನಾಲ್ಕಕ್ಕೆ ಉತ್ತರ. ಹನ್ನೊಂದಕ್ಕೆ ಮುಚ್ಚಿದ ಪಾತ್ರೆ ತೋರಿಸಿ, ಒಂದು ಸುಳಿವು ಕೊಟ್ಟು, ಊಹಿಸಿ ಎನ್ನುವುದು. ನಾಲ್ಕಕ್ಕೆ ಮುಚ್ಚಳ ತೆಗೆದು ತೋರಿಸುವುದು. ಮೊದಲು ಸರಿಯಾಗಿ ಊಹಿಸಿದವರಿಗೆ ಬಾಳೆಲೆಯಲ್ಲಿ ಕಟ್ಟಿದ ಒಂದು ಪಾಲು, ಹಣವಿಲ್ಲದೆ ಹಾಗೇ. ಉಳಿದವರಿಂದ ಆರ್ಡರ್ ತೆಗೆದುಕೊಂಡು ಮರುದಿನ ಮಾಡಿ ಕಳಿಸುವುದು. ಜನ ಹೆಚ್ಚುತ್ತಾ ಹೋದರು. ಮಗಳು ಆಫೀಸಿನ ಕೆಲಸ ಬಿಟ್ಟು ತಾಯಿಯ ಜೊತೆ ಸೇರಿಕೊಂಡಳು. ಅದರ ಬಗ್ಗೆ ನನಗೆ ಹೆದರಿಕೆ ಇತ್ತು, ಹೇಳಲಿಲ್ಲ.

ಜನರ ಕುತೂಹಲವನ್ನು ಹೇಗೆ ಹಿಡಿದಿಡಬೇಕು ಎಂದು ಮಗಳು ಇಂಟರ್‌ನೆಟ್ಟಿನಲ್ಲಿ ಓದಿ ಬಂದು ಹೇಳುತ್ತಿದ್ದಳು. ಹೆಂಡತಿ ಅದನ್ನೆಲ್ಲ ತೆಂಗಿನಕಾಯಿ ತುರಿಯುತ್ತಾ ಕೇಳುತ್ತಿದ್ದಳು. ಮಗಳಿಗೆ ಒಮ್ಮೆ ಹೊಸ ಉಪಾಯ ಬಂತು. ಉತ್ತರವನ್ನು ನಾಲ್ಕಕ್ಕೆ ಕೊಡುವುದು ಬೇಡ, ಇನ್ನೂ ಒಂದು ದಿನ ಕಾಯಿಸುವ, ಆಗ ಜನ ಇನ್ನೂ ಹೆಚ್ಚು ಬರ್ತಾರೆ ಎಂದಳು.

“ಎಲೆ ಹಾಕಿ ಕೂರಿಸಿ ಆಮೇಲೆ ಅನ್ನ ತರದಿದ್ರೆ ಹೇಗಾಗ್ತದೆ?” ಎಂದಳು ತಾಯಿ. “ನಾಲ್ಕು ಅಂದ್ರೆ ನಾಲ್ಕು. ಒಂದು ಸಲ ಕಾಯಿಸಿದ್ರೆ ಕಾಯ್ತಾರೆ. ಎರಡನೇ ಸಲ ಬೈತಾರೆ. ಮೂರನೇ ಸಲ ಬರುದೇ ಇಲ್ಲ.”

“ಎಲ್ಲರೂ ಹಾಗೇ ಮಾಡುದು ಅಮ್ಮ. ‘ನೋಡಿದರೆ ಬೆಚ್ಚಿಬೀಳ್ತೀರಿ’ ಅಂತ ಹಾಕ್ತಾರೆ.”

“ಕಡುಬು ನೋಡಿ ಯಾರು ಬೆಚ್ಚಿಬೀಳುದು? ಮುಚ್ಚಳ ತೆಗೆದಾಗ ‘ಛೆ, ನನಗೆ ಹೊಳೀಬೇಕಿತ್ತಲ್ಲ’ ಅಂತ ಆಗ್ಬೇಕು. ‘ಇಷ್ಟೇಯಾ’ ಅಂತ ಆಗ್ಬಾರ್ದು.”

ಸುಳಿವು ಹುಡುಕುವುದಕ್ಕೆ ಅವಳು ತುಂಬ ಯೋಚಿಸುತ್ತಿದ್ದಳು. ಬಟ್ಟೆ ಒಗೆಯುವಾಗ, ಬಸಳೆ ಸೋಸುವಾಗ ಬಾಯಿಯೊಳಗೇ ಏನೋ ಹೇಳಿಕೊಳ್ಳುತ್ತಿದ್ದಳು. ಸುಲಭ ಆದರೆ ಯಾರೂ ನಿಲ್ಲುವುದಿಲ್ಲ, ಕಷ್ಟ ಆದರೆ ಯಾರೂ ಬಾಯಿ ಬಿಡುವುದಿಲ್ಲ ಎನ್ನುತ್ತಿದ್ದಳು. ನಾವು ಮನೆಯಲ್ಲಿ ಮಾತಾಡುವುದು ತುಳು. ಪೇಜಿನಲ್ಲಿ ಅವಳು ಕನ್ನಡ ಮಾತಾಡುತ್ತಿದ್ದಳು, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಸ್ವಲ್ಪ ನೆಟ್ಟಗೆ ನಿಂತು.

ಅಡುಗೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅವಳಿಗೆ ಉಸಿರು ಬಿಡಲು ಹೊತ್ತಿರುತ್ತಿರಲಿಲ್ಲ. ಬೆವರು, ಹೊಗೆ, ಮೀನಿನ ಕೈ. ಹಾಗಾಗಿ ಪ್ರಶ್ನೆಗಳನ್ನೆಲ್ಲ ಭಾನುವಾರ ಮಧ್ಯಾಹ್ನ ಒಟ್ಟಿಗೆ ರೆಕಾರ್ಡ್ ಮಾಡುವುದು ಎಂದಾಯಿತು. ಉತ್ತರ ಮಾತ್ರ ಆಯಾ ದಿನದ್ದು. ಭಾನುವಾರ ಊಟವಾದ ಮೇಲೆ ನಮ್ಮ ಮನೆ ನಾಟಕದವರು ಬಣ್ಣ ಹಚ್ಚುವ ಚೌಕಿಯ ಹಾಗಾಗುತ್ತಿತ್ತು. ಮಂಚದ ಮೇಲೆ ಸೀರೆಗಳ ರಾಶಿ. ವೀಡಿಯೊದಲ್ಲಿ ಸೊಂಟದ ಮೇಲೆ ಮಾತ್ರ ಕಾಣುವುದರಿಂದ ಅವಳು ನೈಟಿಯ ಮೇಲೆಯೇ ಸೆರಗು ಎಳೆದುಕೊಂಡು ಪಿನ್ನು ಚುಚ್ಚಿ ನಿಲ್ಲುತ್ತಿದ್ದಳು. ಒಂದು ಸೀರೆಗೆ ಒಂದು ಪಾತ್ರೆ, ಒಂದು ಪ್ರಶ್ನೆ. ಫೋನ್ ಹಿಡಿಯುವುದು, ಪಾತ್ರೆಗಳನ್ನು ತಂದು ಇಡುವುದು, ತೆಗೆಯುವುದು ನನ್ನ ಕೆಲಸ. ಎಲ್ಲ ಖಾಲಿ ಪಾತ್ರೆಗಳು. ಹಗುರ ಇರುತ್ತಿದ್ದವು.

“ಖಾಲಿ ಪಾತ್ರೆ ಇಟ್ಟು ಒಳಗೆ ಎಂತ ಉಂಟು ಅಂತ ಕೇಳುದು ಸುಳ್ಳಾಗುದಿಲ್ವಾ?” ಎಂದು ನಾನೊಮ್ಮೆ ಕೇಳಿದ್ದೆ.

“ಪ್ರಶ್ನೆ ಸುಳ್ಳಾಗುದು ಹೇಗೆ? ಉತ್ತರ ಸುಳ್ಳಾದ್ರೆ ಆಗ ಹೇಳಿ,” ಎಂದು ಸೆರಗಿನ ಪಿನ್ನು ಬಾಯಲ್ಲಿ ಕಚ್ಚಿಕೊಂಡೇ ಹೇಳಿದಳು.

ಯಾವ ಪ್ರಶ್ನೆಗೆ ಯಾವ ತಿಂಡಿ ಎಂಬುದು ಅವಳ ತಲೆಯಲ್ಲಿ ಮಾತ್ರ ಇರುತ್ತಿತ್ತು. ಬರೆದಿಡುವ ಅಭ್ಯಾಸ ಅವಳಿಗೂ ಇಲ್ಲ. ಹನ್ನೊಂದಕ್ಕೆ ತಾನಾಗಿ ಹೋಗುವ ಹಾಗೆ ಫೋನಿನಲ್ಲಿ ದಿನ, ಗಂಟೆ ಹಾಕಿಡುವುದನ್ನು ಮಗಳಿಂದ ಕಲಿತಿದ್ದಳು. ಅದನ್ನು ಕಲಿತ ದಿನ ತುಂಬ ಸಂತೋಷಪಟ್ಟಿದ್ದಳು. ಅನ್ನಕ್ಕೆ ನೀರಿಟ್ಟು ಮಲಗಿದರೂ ಅದು ತಾನಾಗಿ ಬೆಂದ ಹಾಗೆ ಎಂದಿದ್ದಳು.

ಅಡುಗೆಮನೆಗೆ ಟೈಲ್ಸ್ ಹಾಕಿಸಬೇಕು ಎಂಬುದು ಅವಳ ಬಹಳ ಕಾಲದ ಆಸೆ. ವೀಡಿಯೊದಲ್ಲಿ ಹಿಂದಿನ ಗೋಡೆ ಕರಿ ಹಿಡಿದದ್ದು ಕಾಣುತ್ತದೆ ಎಂದು ಬೇಸರ. ಕೊನೆಗೆ ಟೈಲ್ಸ್ ತರಿಸಿ ಜಗಲಿಯಲ್ಲಿ ಪೇರಿಸಿಟ್ಟೆವು. ಪೇಜಿಗೆ ಎರಡು ವಾರ ರಜೆ ಎಂದು ಅವಳೇ ಹೇಳಿದಳು. ರಜೆ ಮುಗಿದ ಮೇಲಿನ ಪ್ರಶ್ನೆಗಳನ್ನು ಮೊದಲೇ ರೆಕಾರ್ಡ್ ಮಾಡಿ ದಿನ ಹಾಕಿಟ್ಟಳು. ಗೋಡೆಗೆ ಕೈ ಹಾಕುವ ಮೊದಲೇ ಆ ಸಂಜೆ ಬಂತು.

ಆಮೇಲಿನ ದಿನಗಳು ನನಗೆ ಸರಿಯಾಗಿ ನೆನಪಿಲ್ಲ. ಜಗಲಿಯಲ್ಲಿ ಪೇರಿಸಿದ ಟೈಲ್ಸಿನ ಮೇಲೆಯೇ ಬಂದವರು ಕುಳಿತುಕೊಳ್ಳುತ್ತಿದ್ದರು. ಯಾರಿಗೂ ಪೇಜಿನ ನೆನಪಾಗಲಿಲ್ಲ, ರಜೆ ಇತ್ತಲ್ಲ.

ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ನಮ್ಮಲ್ಲಿ ಒಂದು ಕ್ರಮ ಉಂಟು. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಬಡಿಸಿ, ದೀಪವಿಟ್ಟು, ಅವರನ್ನು ಒಳಗೆ ಕರೆದು, ಕೋಣೆಯ ಬಾಗಿಲು ಹಾಕುತ್ತೇವೆ. ಮನೆಯವರೆಲ್ಲ ಹೊರಗೆ ನಿಲ್ಲಬೇಕು. ಮಾತಾಡಬಾರದು, ಇಣುಕಬಾರದು. ಅವರು ಬಂದು ಉಣ್ಣುತ್ತಾರೆ ಎಂದು ನಂಬಿಕೆ. ಸ್ವಲ್ಪ ಹೊತ್ತು ಬಿಟ್ಟು ಹಿರಿಯರೊಬ್ಬರು ಬಾಗಿಲು ತಟ್ಟಿ ತೆರೆಯುತ್ತಾರೆ. ಆವತ್ತು ಎಲ್ಲರಿಗೂ ಊಟ ಹಾಕುವ ಮೊದಲು ಅದನ್ನು ಮಾಡಿದೆವು. ಮಗಳು ಅಮ್ಮನಿಗೆಂದು ಕುಚ್ಚಲಕ್ಕಿ ಅನ್ನ, ಪಾಯಸ, ಎಳೆ ಮಾವಿನ ಉಪ್ಪಿನಕಾಯಿ, ಒಂದು ಲೋಟ ಕರಿ ಚಹಾ ಇಟ್ಟಿದ್ದಳು. ಹೆಂಡತಿಯ ಅಕ್ಕ ಬಾಗಿಲಿನ ಹತ್ತಿರ ಇದ್ದರು. ಅವರ ಹಿಂದೆ ನಾನು, ಮಗಳು, ಉಳಿದ ನೆಂಟರು.

ಎಲ್ಲರೂ ಸುಮ್ಮನೆ ನಿಂತಿದ್ದೆವು. ಆಗ ಒಬ್ಬರ ಫೋನ್ ಗುಂಯ್ ಎಂದಿತು. ಮತ್ತೊಬ್ಬರದು. ಮತ್ತೂ ಒಂದೆರಡು. ಅಕ್ಕ ತಮ್ಮ ಫೋನಿನ ಸದ್ದು ನಿಲ್ಲಿಸಲೆಂದು ಚೀಲಕ್ಕೆ ಕೈ ಹಾಕಿ ಯಾವುದನ್ನೋ ಒತ್ತಿದರು. ನನ್ನ ಹೆಂಡತಿಯ ಸ್ವರ ದೊಡ್ಡದಾಗಿ ಕೇಳಿತು.

“ನಮಸ್ಕಾರ. ರಜೆ ಮುಗೀತು. ಇವತ್ತು ಇದರ ಒಳಗೆ ಎಂತ ಉಂಟು ಹೇಳಿ ನೋಡುವ? ಒಂದು ಸುಳಿವು. ಇದನ್ನು ಮಾಡುವವರಿಗೆ ತಾಳ್ಮೆ ಬೇಕು, ತಿನ್ನುವವರಿಗೆ ಬೇಡ. ನಾಲ್ಕು ಗಂಟೆಗೆ ಮುಚ್ಚಳ ತೆಗೀತೇನೆ.”

ಅಕ್ಕನಿಗೆ ಅದನ್ನು ನಿಲ್ಲಿಸಲು ಗೊತ್ತಾಗಲಿಲ್ಲ. ಸ್ವರ ಮೊದಲಿನಿಂದ ಮತ್ತೆ ಶುರುವಾಯಿತು. ನಮಸ್ಕಾರ, ರಜೆ ಮುಗೀತು. ಮಗಳು ಫೋನ್ ಕಿತ್ತುಕೊಂಡು ನಿಲ್ಲಿಸಿದಳು.

“ಅಯ್ಯೋ ದೇವರೇ,” ಎಂದರು ಅಕ್ಕ. “ನಾವು ಅವಳನ್ನು ಒಳಗೆ ಕರೆದು ಬಾಗಿಲು ಹಾಕಿದ್ದು. ಇವಳು ಹೊರಗೆ ಬಂದು ಮಾತಾಡ್ತಾಳಲ್ಲ ಮಾರಾಯ.”

ಹಿಂದಿನಿಂದ ಯಾರೋ ನಕ್ಕರು. ನಕ್ಕವರೇ ಅಳಲಿಕ್ಕೆ ಶುರುಮಾಡಿದರು. ಆಮೇಲೆ ಎಲ್ಲರೂ ಅತ್ತರು. ಬಾಗಿಲು ತಟ್ಟುವುದು ಎಲ್ಲರಿಗೂ ಮರೆತುಹೋಗಿ, ಒಳಗೆ ಚಹಾ ಪೂರ್ತಿ ತಣ್ಣಗಾದ ಮೇಲೆ ನೆನಪಾಯಿತು.

ಆ ದಿನ ನಾಲ್ಕು ಗಂಟೆ ಬಂತು, ಹೋಯಿತು. ಅಂಗಳದಲ್ಲಿ ಶಾಮಿಯಾನ ಬಿಚ್ಚುತ್ತಿದ್ದರು. ಪೇಜಿನಲ್ಲಿ ಜನ ಕೇಳತೊಡಗಿದರು. ಅಕ್ಕ, ನಾಲ್ಕಾಯ್ತು. ಅಕ್ಕ, ಗಡಿಯಾರ ಹಾಳಾಗಿದೆಯಾ? ಮರುವಾಯಿ ಪುಂಡಿಯೇ ಇರಬೇಕು, ನನ್ನ ಬಾಳೆಲೆ ಕಟ್ಟು ತೆಗೆದಿಡಿ. ನಾಲ್ಕು ಎಂದರೆ ನಾಲ್ಕು ಎಂದು ಅವಳು ಅವರಿಗೆ ಅಭ್ಯಾಸ ಮಾಡಿಸಿದ್ದಳು, ಆದ್ದರಿಂದ ಅವರಿಗೆ ಅದು ಸಣ್ಣ ವಿಷಯವಾಗಿರಲಿಲ್ಲ. ಮರುದಿನ ಹನ್ನೊಂದಕ್ಕೆ ಮತ್ತೊಂದು ಸೀರೆ, ಮತ್ತೊಂದು ಪ್ರಶ್ನೆ. ಅದಕ್ಕೂ ಉತ್ತರವಿಲ್ಲ. ಜನ ಕಡಿಮೆಯಾಗುವ ಬದಲು ಹೆಚ್ಚಾದರು. ಹಳೆಯವರು ಹೊಸಬರನ್ನು ಕರೆದು ತಂದು, ನೋಡಿ ಇಲ್ಲಿ, ಈ ಅಕ್ಕ ಮುಚ್ಚಳ ತೆಗೆಯುವುದಿಲ್ಲ ಎಂದು ತೋರಿಸುತ್ತಿದ್ದರು.

ಮಗಳು ಬೇಕಾದರೆ ಅದನ್ನು ಒಂದೇ ನಿಮಿಷದಲ್ಲಿ ನಿಲ್ಲಿಸಬಹುದಿತ್ತು. ಅವಳು ನಿಲ್ಲಿಸಲಿಲ್ಲ, ನಿಲ್ಲಿಸು ಎಂದು ನಾನು ಹೇಳಲೂ ಇಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆದು ಚಹಾ ಕುಡಿದು ನಾನು ಹನ್ನೊಂದು ಗಂಟೆಯಾಗುವುದನ್ನೇ ಕಾಯುತ್ತಿದ್ದೆ. ಆ ಪ್ರಶ್ನೆಗಳನ್ನು ಅವಳು ಕೇಳುವಾಗ ಫೋನ್ ಹಿಡಿದವನು ನಾನೇ. ಆದರೂ ಇವತ್ತು ಯಾವ ಸೀರೆ ಎಂದು ಕಾಯುತ್ತಿದ್ದೆ. ಮಗಳೂ ಅವಳ ಕೋಣೆಯಲ್ಲಿ ಅದನ್ನೇ ನೋಡುತ್ತಿದ್ದಳು ಎಂದು ಗೋಡೆಯಾಚೆಯ ಸ್ವರದಿಂದ ಗೊತ್ತಾಗುತ್ತಿತ್ತು. ಮಧ್ಯಾಹ್ನ ಗಂಜಿ ಉಂಡು ಎದ್ದು ಹೋಗುತ್ತಿದ್ದೆವು.

ಆಗ ಕುಲಶೇಖರದಿಂದ ಹೆಂಡತಿಯ ಅಣ್ಣನ ಮಗ ಬಂದ. ಅಂಗಡಿಗಳಿಗೆ, ಹೋಟೆಲುಗಳಿಗೆ ಇಂಟರ್‌ನೆಟ್ಟಿನಲ್ಲಿ ಪ್ರಚಾರ ಮಾಡಿಕೊಡುವುದು ಅವನ ಉದ್ಯೋಗ. ಒಳ್ಳೆಯವನು. ಆಸ್ಪತ್ರೆಯ ಓಡಾಟವನ್ನೆಲ್ಲ ಮಾಡಿದವನು ಅವನೇ. ಟೈಲ್ಸಿನ ರಾಶಿಯ ಮೇಲೆ ಕುಳಿತು ಫೋನ್ ನನ್ನ ಕಡೆ ತಿರುಗಿಸಿದ.

“ಮಾವ, ಇದು ನೋಡಿ. ಅತ್ತೆ ಇರುವಾಗಲೂ ಇಷ್ಟು ಜನ ಬರಲಿಲ್ಲ. ನಾನು ಹೋಟೆಲಿನವರಿಗೆ ತಿಂಗಳುಗಟ್ಟಲೆ ಕೆಲಸ ಮಾಡಿದ್ರೂ ಹೀಗೆ ಆಗುದಿಲ್ಲ. ಎಲ್ಲರಿಗೂ ಒಂದೇ ಪ್ರಶ್ನೆ, ಅಕ್ಕ ಯಾಕೆ ಮುಚ್ಚಳ ತೆಗೆಯುದಿಲ್ಲ ಅಂತ.”

“ಅದಕ್ಕೆ?”

“ಈಗ ಒಮ್ಮೆಲೇ ಹೇಳಿಬಿಟ್ರೆ ಒಂದು ದಿನದಲ್ಲಿ ಮುಗೀತು. ಎಲ್ಲರೂ ಕೈ ಮುಗಿದು ಹೋಗ್ತಾರೆ. ಮತ್ತೆ ಇವಳ ಕೆಲಸ ಎಂತದು? ಇವಳು ನೌಕರಿ ಬಿಟ್ಟಾಯ್ತಲ್ಲ.” ಅವನು ಮಗಳ ಕಡೆ ನೋಡಿದ. ಅವಳು ಬಾಗಿಲಿಗೆ ಒರಗಿ ನಿಂತಿದ್ದಳು. “ಅದರ ಬದಲು ನಿಧಾನಕ್ಕೆ ಹೇಳುವ. ಇವತ್ತು ನಾನು ಮಾಡಿದ ಈ ಚಿತ್ರ ಹಾಕುದು. ಭಾನುವಾರದವರೆಗೆ ದಿನಾ ಸ್ವಲ್ಪ ಸ್ವಲ್ಪ. ಭಾನುವಾರ ನಾಲ್ಕಕ್ಕೆ ವಿಷಯ ಹೇಳಿ, ಅಲ್ಲೇ ಇನ್ನು ಮಗಳು ನಡೆಸ್ತಾಳೆ ಅಂತ ಹೇಳುದು. ಬಂದವರು ಹಾಗೇ ಉಳೀತಾರೆ.”

ಅವನು ತೋರಿಸಿದ ಚಿತ್ರದಲ್ಲಿ ನನ್ನ ಹೆಂಡತಿಯ ಅರ್ಧ ಮುಖವಿತ್ತು. ಉಳಿದರ್ಧವನ್ನು ಮುಚ್ಚಿದ ಪಾತ್ರೆ ಮರೆ ಮಾಡಿತ್ತು. ಮೇಲೆ ದೊಡ್ಡ ಅಕ್ಷರದಲ್ಲಿ, ಅಕ್ಕ ಎಲ್ಲಿ, ನಿಮ್ಮ ಊಹೆ ತಿಳಿಸಿ, ಸತ್ಯ ಭಾನುವಾರ ಎಂದು ಬರೆದಿತ್ತು. ಚಂದವಾಗಿ ಮಾಡಿದ್ದ. ಬಣ್ಣ ಎಲ್ಲ ಸರಿಯಾಗಿತ್ತು.

ನಾನು ತುಂಬ ಹೊತ್ತು ಅದನ್ನು ನೋಡಿದೆ. ನನಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೆ ಬೇಕಾದಷ್ಟು ಶಕ್ತಿ ಆಗ ನನ್ನಲ್ಲಿ ಇರಲಿಲ್ಲ. ಮಗಳು ಎಂತ ಹೇಳುತ್ತಾಳೆ ಎಂದು ನೋಡಿದೆ.

“ಅಪ್ಪ, ಜನ ಹೋದ್ರೆ ಮತ್ತೆ ತರುದು ಕಷ್ಟ,” ಎಂದಳು ಅವಳು. ಸ್ವರ ಸಣ್ಣದಾಗಿತ್ತು. “ಅಮ್ಮ ಕೂಡಾ ಕಾಯಿಸಿಯೇ ಅಲ್ವಾ ಅವರನ್ನು ತಂದದ್ದು?”

ಅದು ನಿಜವೇ. ಅವಳ ಹೊಟ್ಟೆಪಾಡಿನ ಪ್ರಶ್ನೆ. ನನ್ನ ಪಿಂಚಣಿಯಲ್ಲಿ ಇಬ್ಬರು ಬದುಕಬಹುದು, ಆದರೆ ಅವಳು ಎಷ್ಟು ವರ್ಷ ನನ್ನ ಪಿಂಚಣಿಯಲ್ಲಿ ಬದುಕಬೇಕು? ಒಪ್ಪಿಕೊಂಡು ಒಳಗೆ ಹೋಗಿ ಮಲಗಿಬಿಡುವ ಎಂದು ಕಂಡಿತು. ಏಳಲು ಹೊರಟವನಿಗೆ ಆ ಚಿತ್ರದ ಒಂದು ಮಾತು ಹೇಗೋ ತಲೆಯಲ್ಲಿ ಸಿಕ್ಕಿಕೊಂಡಿತು, ನಿಮ್ಮ ಊಹೆ ತಿಳಿಸಿ ಎಂಬುದು.

“ಮೊದಲು ಸರಿಯಾಗಿ ಊಹಿಸಿದವರಿಗೆ ಬಾಳೆಲೆ ಕಟ್ಟು ಕೊಡುದಾ?” ಎಂದು ಕೇಳಿದೆ.

ಚುಚ್ಚಬೇಕೆಂದು ಕೇಳಿದ್ದಲ್ಲ. ನಮ್ಮ ಪೇಜಿನ ಕ್ರಮ ಅದು. ಊಹಿಸಿ ಎಂದು ಕೇಳಿದರೆ ಕೊಡಬೇಕು. ಸಾವಿರ ಜನ ಊಹಿಸುತ್ತಾರೆ, ಅವರಲ್ಲಿ ಯಾರೋ ಒಬ್ಬರು ತಮಾಷೆಗೋ ಹೆದರಿಕೆಗೋ ಅಕ್ಕ ಸತ್ತುಹೋಗಿರಬಹುದು ಎಂದು ಬರೆಯುತ್ತಾರೆ. ಅವರದು ಸರಿ. ಭಾನುವಾರ ಅವರಿಗೆ ನಾವು ಎಂತ ಹೇಳುವುದು? ಅಭಿನಂದನೆ ಎನ್ನುವುದಾ?

ಮಗಳು ಒಳಗೆ ಹೋದಳು. ಅಡುಗೆಮನೆಯಿಂದ ನಲ್ಲಿ ಬಿಟ್ಟ ಸದ್ದು ಬಂತು, ತುಂಬ ಹೊತ್ತು ನಿಲ್ಲಲಿಲ್ಲ.

“ನಾನು ಅದನ್ನು ಯೋಚನೆ ಮಾಡ್ಲಿಲ್ಲ ಮಾವ,” ಎಂದ ಅವನು. ಆ ಚಿತ್ರವನ್ನು ನನ್ನೆದುರಿಗೇ ಅಳಿಸಿದ. ಅವನ ಅತ್ತೆಯ ಮೇಲೆ ಅವನಿಗೂ ಪ್ರೀತಿ ಇತ್ತು. ಅವನು ತನಗೆ ಗೊತ್ತಿರುವ ಕೆಲಸದಿಂದ ನಮಗೆ ಸಹಾಯ ಮಾಡಲು ಬಂದಿದ್ದ, ಅಷ್ಟೇ.

ಮಗಳು ಕಣ್ಣು ಒರೆಸಿಕೊಂಡು ಹೊರಗೆ ಬಂದು, ನೀವೇ ಹೇಳಿ ಅಪ್ಪ, ನನ್ನಿಂದ ಆಗುದಿಲ್ಲ ಎಂದಳು. ಅಲ್ಲೇ, ಜಗಲಿಯಲ್ಲೇ ಹಿಡಿಯುವುದು ಎಂದಾಯಿತು. ನಾನು ಒಂದು ಅಂಗಿ ಬದಲಾಯಿಸಿ ಬಂದೆ. ಇಷ್ಟು ವರ್ಷ ಫೋನಿನ ಹಿಂದೆ ನಿಂತವನಿಗೆ ಮುಂದೆ ನಿಲ್ಲಲು ಗೊತ್ತಾಗಲಿಲ್ಲ. ಕೈ ಎಲ್ಲಿಡುವುದು ಎಂದು ಕೇಳಿದೆ. ಹೇಗಿದ್ದೀರೋ ಹಾಗೇ ಇಟ್ಟುಕೊಳ್ಳಿ ಎಂದಳು ಮಗಳು.

ನಾನು ಹೇಳಿದ್ದು ಇಷ್ಟು: ನಿಮ್ಮ ಅಕ್ಕ ತೀರಿಕೊಂಡಿದ್ದಾಳೆ. ನಾನು ಅವಳ ಗಂಡ. ನೀವು ಈಗ ನೋಡುತ್ತಿರುವ ಪ್ರಶ್ನೆಗಳು ಅವಳು ಮೊದಲೇ ಮಾಡಿಟ್ಟವು. ಅವುಗಳ ಉತ್ತರ ಅವಳಿಗೆ ಮಾತ್ರ ಗೊತ್ತಿತ್ತು. ನಮಗೆ ಗೊತ್ತಿಲ್ಲ. ಊಹಿಸಿದ ಎಲ್ಲರಿಗೂ ಉಪಕಾರ. ನಾಳೆಯಿಂದ ಪ್ರಶ್ನೆ ಇರುವುದಿಲ್ಲ. ನಿಮ್ಮನ್ನು ಕಾಯಿಸಿದ್ದಕ್ಕೆ ಕ್ಷಮಿಸಬೇಕು.

“ಮಾವ, ಮೊದಲನೇ ಮಾತಿನಲ್ಲೇ ಎಲ್ಲ ಹೇಳಿಬಿಟ್ರಲ್ಲ,” ಎಂದ ಹುಡುಗ. ಅವನ ಕಣ್ಣು ಒದ್ದೆಯಾಗಿತ್ತು, ಆದರೂ ಉದ್ಯೋಗದ ಬುದ್ಧಿ ಬಿಡಲಿಲ್ಲ. “ಇನ್ನು ಕೊನೆವರೆಗೆ ಯಾರು ನೋಡ್ತಾರೆ?”

“ನೋಡುದು ಬೇಡ ಮಾರಾಯ. ಗೊತ್ತಾದ್ರೆ ಸಾಕು.”

ಮಗಳು ಅದನ್ನು ಹಾಕಿದಳು. ಉಳಿದ ಪ್ರಶ್ನೆಗಳು ತಾವಾಗಿ ಹೋಗದ ಹಾಗೆ ನಿಲ್ಲಿಸಿದಳು. ನಿಲ್ಲಿಸುವಾಗ ನನ್ನ ಕಡೆ ಒಮ್ಮೆ ನೋಡಿದಳು, ನಾನು ತಲೆಯಾಡಿಸಿದೆ. ಮರುದಿನ ಬೆಳಿಗ್ಗೆ ಹನ್ನೊಂದಾದರೂ ನಾನು ಹಾಸಿಗೆಯಿಂದ ಏಳಲಿಲ್ಲ. ಜ್ವರ ಏನೂ ಇರಲಿಲ್ಲ.

ಜನ ಬರೆದರು. ಬಹಳ ಜನ ಬರೆದರು. ಹೆಚ್ಚಿನವರು ಕೈಮುಗಿದ ಚಿತ್ರ ಹಾಕಿ ಹೋದರು. ಅದರ ಎಡೆಯಲ್ಲಿ ಅದೇ ಪ್ರಶ್ನೆ: ಎಂತ ಆದದ್ದು? ಹಾರ್ಟಾ? ಶುಗರ್ ಇತ್ತಾ? ಯಾವ ಆಸ್ಪತ್ರೆ? ಮಗಳಿಗೆ ಅದನ್ನು ನೋಡಿ ಸಿಟ್ಟು ಬಂತು. ಇವರಿಗೆ ಅದೆಲ್ಲ ಯಾಕೆ ಬೇಕು ಎಂದಳು. ನನಗೆ ಹಾಗೆ ಅನಿಸಲಿಲ್ಲ. ಸಾವಿನ ಮನೆಗೆ ಬಂದವರೂ ಚಪ್ಪಲಿ ಕಳಚುವ ಮೊದಲೇ ಅದನ್ನು ಕೇಳಿದ್ದರು. ಬೇರೆ ಎಂತ ಕೇಳುವುದು ಎಂದು ಯಾರಿಗೂ ಗೊತ್ತಿರುವುದಿಲ್ಲ. ನಾನು ಒಂದೇ ಬೆರಳಿನಿಂದ ಒಬ್ಬೊಬ್ಬರಿಗೇ ಉತ್ತರ ಬರೆದೆ. ಹಾರ್ಟ್. ಶುಗರ್ ಇರಲಿಲ್ಲ. ಆಸ್ಪತ್ರೆಯವರು ಚೆನ್ನಾಗಿ ನೋಡಿದರು. ದಿನಕ್ಕೆ ಸ್ವಲ್ಪ ಸ್ವಲ್ಪ ಬರೆದು ಕೈ ನೋಯುವಾಗ ನಿಲ್ಲಿಸುತ್ತಿದ್ದೆ.

ಗಲ್ಫಿನಲ್ಲಿ ಮನೆಗೆಲಸಕ್ಕಿರುವ ಒಬ್ಬ ಹೆಂಗಸು ಉದ್ದಕ್ಕೆ ಬರೆದಿದ್ದರು. ಅವರು ನಮ್ಮಿಂದ ಒಂದು ಸಲವೂ ತರಿಸಿದವರಲ್ಲ, ಅಷ್ಟು ದೂರ ಕಳಿಸಲು ಆಗುವುದೂ ಇಲ್ಲ. ಆದರೆ ದಿನಾ ಊಹಿಸುತ್ತಿದ್ದರಂತೆ. ಬೆಳಿಗ್ಗೆ ಪ್ರಶ್ನೆ ನೋಡಿ, ಪಾತ್ರೆ ತೊಳೆಯುತ್ತಾ, ಬಟ್ಟೆಗೆ ಇಸ್ತ್ರಿ ಹಾಕುತ್ತಾ ಅದನ್ನೇ ಯೋಚಿಸುವುದು. ಊರಿನ ತಿಂಡಿಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳಲಿಕ್ಕೆ ಅದೊಂದು ನೆಪವಾಗಿತ್ತು, ಒಂದು ಸಲವೂ ನನ್ನದು ಸರಿಯಾಗಲಿಲ್ಲ ಎಂದು ಬರೆದಿದ್ದರು. ನನ್ನ ಹೆಂಡತಿಗೆ ಇಂಥವರೊಬ್ಬರು ಇದ್ದಾರೆಂದು ಗೊತ್ತಿತ್ತೇ ಎಂದು ನನಗೆ ತಿಳಿಯದು. ಅವರಿಗೆ ನಮಸ್ಕಾರ ಎಂದಷ್ಟೇ ಬರೆದೆ.

ಹುಡುಗ ಹೇಳಿದ ಹಾಗೇ ಆಯಿತು. ಕೆಲವು ದಿನಗಳಲ್ಲಿ ಎಲ್ಲ ತಣ್ಣಗಾಯಿತು. ಮುಚ್ಚಳ ತೆಗೆಯದ ಅಕ್ಕನನ್ನು ನೋಡಲು ಬಂದ ಹೊಸಬರು ಬಂದ ಹಾಗೇ ಹೋದರು, ಹಳಬರಲ್ಲೂ ಕೆಲವರು ಹೋದರು. ಮಗಳು ಬೇರೆ ಕೆಲಸ ಹುಡುಕುತ್ತೇನೆ ಎಂದು ಎರಡು ಕಡೆ ಇಂಟರ್‌ವ್ಯೂಗೆ ಹೋಗಿ ಬಂದಳು. ಟೈಲ್ಸಿನವನನ್ನು ಕರೆಸಿ ಗೋಡೆಗೆ ಟೈಲ್ಸ್ ಹಾಕಿಸಿದೆವು, ಜಗಲಿಯಲ್ಲಿ ಕಾಲಿಗೆ ತಾಗುತ್ತದೆ ಎಂಬ ಕಾರಣಕ್ಕೆ. ಬಿಳಿ ಗೋಡೆಯ ಅಡುಗೆಮನೆಗೆ ನಾನು ಹೋಗುವುದು ಕಡಿಮೆ. ಅಲ್ಲಿ ದೀಪ ಹಾಕಿದರೆ ಕಣ್ಣಿಗೆ ಹೊಡೆಯುತ್ತದೆ.

ಮೊನ್ನೆ ಬೆಳಿಗ್ಗೆ ಮಗಳು ಬಂದು ಫೋನ್ ಕೈಯಲ್ಲಿ ಕೊಟ್ಟಳು.

“ಸ್ವಲ್ಪ ಹಿಡೀರಿ ಅಪ್ಪ.”

“ಎಂತಕ್ಕೆ?”

“ಹಿಡೀರಿ, ಹೇಳ್ತೇನೆ. ಬೆರಳು ನೋಡ್ಕೊಳ್ಳಿ.”

ಅಡುಗೆಮನೆಯಲ್ಲಿ ಒಂದು ಪಾತ್ರೆ ಮುಚ್ಚಿಟ್ಟಿದ್ದಳು. ಅವಳು ಚೂಡಿದಾರದಲ್ಲೇ ಇದ್ದಳು, ಹಣೆಯಲ್ಲಿ ಬೆವರಿತ್ತು. ತಾಯಿಯ ಹಾಗೆ ನೆಟ್ಟಗೆ ನಿಲ್ಲಲಿಲ್ಲ. ಇನ್ನು ಮುಂದೆ ಅಡುಗೆ ಮಾಡುವವಳು ನಾನು, ಅಮ್ಮನಷ್ಟು ರುಚಿಯಾಗುತ್ತದೆ ಎಂದು ಹೇಳುವುದಿಲ್ಲ, ವಾರಕ್ಕೆ ಎರಡೇ ಸಲ ಮಾಡುತ್ತೇನೆ ಎಂದಳು. ಆಮೇಲೆ ಸ್ವಲ್ಪ ತಡೆದು, ಇದರ ಒಳಗೆ ಎಂತ ಉಂಟು ಎಂದು ಕೇಳಿದಳು. ಸುಳಿವು ಅಷ್ಟು ಚೆನ್ನಾಗಿರಲಿಲ್ಲ. ಇದು ನನ್ನ ಅಪ್ಪನಿಗೆ ಸೇರುವುದಿಲ್ಲ, ಆದರೂ ತಿನ್ನುತ್ತಾರೆ ಎಂದಳು.

ರೆಕಾರ್ಡಿಂಗ್ ಮುಗಿದ ಮೇಲೆ ಪಾತ್ರೆ ಬದಿಗಿಡಲು ಹೋದೆ. ಹಳೆಯ ಅಭ್ಯಾಸ. ಎತ್ತಿದರೆ ಭಾರವಿತ್ತು. ಬಿಸಿಯೂ ಇತ್ತು. ಅವಳು ನನ್ನ ಕೈಗೆ ಹೊಡೆದಳು.

“ಮುಟ್ಬೇಡಿ. ನಾಲ್ಕಕ್ಕೆ ನೋಡಿ.”

“ನನಗೂ ಹೇಳುದಿಲ್ವಾ?”

“ನಿಮಗೆ ಎಂತ ಸ್ಪೆಷಲ್ಲಾ?”

ನಾನು ಜಗಲಿಗೆ ಬಂದು ಕುಳಿತೆ. ಪೇಪರ್ ಓದಿದೆ. ನನಗೆ ಸೇರದಿದ್ದರೂ ತಿನ್ನುವ ತಿಂಡಿ ಯಾವುದು? ಹಾಗೆ ಲೆಕ್ಕ ಹಾಕಿದರೆ ಈಚೆಗೆ ನನಗೆ ಎಲ್ಲವೂ ಹಾಗೆಯೇ. ಹಾಗಲಕಾಯಿ ಇರಬಹುದು. ಆದರೆ ಹಾಗಲಕಾಯಿಯನ್ನು ಯಾರು ಆರ್ಡರ್ ಮಾಡುತ್ತಾರೆ? ಒಣಮೀನಾದರೆ ವಾಸನೆ ಬರಬೇಕಿತ್ತು. ಮೆಂತೆಯ ಗಂಜಿ ಇರಬಹುದೇ? ಪೇಪರಿನ ಒಂದೇ ಸಾಲನ್ನು ಎರಡೆರಡು ಸಲ ಓದಿದ್ದೇನೆಂದು ಗೊತ್ತಾಗಿ ಅದನ್ನು ಮಡಚಿಟ್ಟೆ. ನನ್ನ ಫೋನ್ ತೆಗೆದೆ. ಪ್ರಶ್ನೆಯ ಕೆಳಗೆ ಹಳೆಯ ಜನ ನಾಲ್ಕೈದು ಮಂದಿ ಬಂದಿದ್ದರು. ಅವರ ಕೆಳಗೆ, ಒಂದೇ ಬೆರಳಿನಿಂದ, ಮೆಂತೆ ಗಂಜಿ ಎಂದು ಬರೆದು ಕಳಿಸಿದೆ.

ಅಡುಗೆಮನೆಯಿಂದ ಮಗಳ ಸ್ವರ ಕೇಳಿತು.

“ಅಲ್ಲ ಅಪ್ಪ. ಇನ್ನೊಂದು ಹೇಳಿ.”